ಮರಳಿನ ಕೊಡ: ಮಲಪ್ರಭೆಯ ಕೊಳ್ಳದಲ್ಲಿ ನೆಲ, ನೀರು ಮತ್ತು ಅಧಿಕಾರ

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಪರಿಸರವನ್ನು ಕುರಿತು ಬಂದಿರುವ ಬರವಣಿಗೆ ಕಡಿಮೆಯದೇನಲ್ಲ. ಕಿತ್ತೂರನ್ನು ಕುರಿತು ರಾಜಕೀಯ ಇತಿಹಾಸಕಾರರು, ಸವದತ್ತಿಯನ್ನು ಕುರಿತು ಶಾಸನತಜ್ಞರು ಮತ್ತು ಜಾನಪದ ವಿದ್ವಾಂಸರು, ರಾಮದುರ್ಗವನ್ನು ಕುರಿತು ಸ್ವಾತಂತ್ರ್ಯ ಚಳವಳಿಯ ಸಂಶೋಧಕರು ಸಾಕಷ್ಟು ಬರೆದಿದ್ದಾರೆ. ಈ ಊರುಗಳ ನೆಲವನ್ನು ತೋಯಿಸಿಕೊಂಡು ಹರಿಯುವ ಮಲಪ್ರಭೆಯನ್ನು ಕುರಿತು ನೀರಾವರಿ ಎಂಜಿನಿಯರರು, ಜಲವಿಜ್ಞಾನಿಗಳು ಬರೆದಿದ್ದಾರೆ. ಆದರೆ ಒಬ್ಬರು ಬರೆದುದನ್ನು ಇನ್ನೊಬ್ಬರು ಓದಿದ ಕುರುಹು ಅಪರೂಪ. ಕಿತ್ತೂರಿನ ಬಂಡಾಯವನ್ನು ಬರೆದವರಿಗೆ ಆ ಸೀಮೆಯ ಮಳೆ ಬೆಳೆ ಕೇವಲ ಹಿನ್ನೆಲೆಯಾಗಿ ಕಂಡಿತು. ಎಲ್ಲಮ್ಮನ ಪದಗಳನ್ನು ಸಂಗ್ರಹಿಸಿದವರಿಗೆ ಅವುಗಳಲ್ಲಿನ ನದಿ ಬರಿಯ ಆಶಯವಾಗಿ ಕಂಡಿತು. ಜಲಾಶಯದ ಒಳಹರಿವನ್ನು ಲೆಕ್ಕ ಹಾಕಿದವರಿಗೆ ನದಿಯ ದಂಡೆಯ ಮನುಷ್ಯ 'ಫಲಾನುಭವಿ' ಎಂಬ ಒಂದೇ ಶಬ್ದದಲ್ಲಿ ಮುಗಿದುಹೋದ. ರಾಜಕೀಯ, ಸಮಾಜ ಮತ್ತು ಪರಿಸರದ ಬದಲಾವಣೆಗಳನ್ನು ಜೊತೆಗಿಟ್ಟು ನೋಡುವ ಪ್ರವೃತ್ತಿ ಈಚಿನ ದಶಕಗಳ ಸಂಶೋಧನೆಯಲ್ಲಿ ಬೆಳೆಯುತ್ತಿದೆ. ಆ ದೃಷ್ಟಿಯನ್ನು ಈ ನಾಲ್ಕು ಸೀಮೆಗಳಿಗೆ ಅನ್ವಯಿಸಿದರೆ ಹಳೆಯ ಸಾಮಗ್ರಿಯೇ ಹೇಗೆ ಬೇರೆ ಅರ್ಥವನ್ನು ಕೊಡಬಲ್ಲದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ನದಿ, ಹಲವು ಆಡಳಿತ

ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 304 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಟ್ಟುವ ನೆಲದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರನ್ನು ಮೀರುವ ಮಳೆ. ರಾಮದುರ್ಗದ ಹೊತ್ತಿಗೆ ಅದು ಐದಾರು ನೂರಕ್ಕೆ ಇಳಿಯುತ್ತದೆ. ಮಲೆನಾಡಿನ ಸೆರಗು ಕಿತ್ತೂರಿನವರೆಗೆ ಚಾಚಿದೆ. ಬೈಲಹೊಂಗಲಕ್ಕೆ ಬಂದರೆ ಎರಿಭೂಮಿ. ಸವದತ್ತಿಯಲ್ಲಿ ಕಲ್ಲುಗುಡ್ಡಗಳ ಸಾಲು. ಅದನ್ನು ದಾಟಿದರೆ ಮಳೆಯ ನೆರಳಿನ ಬಯಲು. ಮೇಲೆ ಸುರಿದ ಮಳೆಯನ್ನು ಕೆಳಗಿನ ಒಣಸೀಮೆಗೆ ಹೊತ್ತು ತರುವ ಕೆಲಸ ಈ ನದಿಯದು. ಇಲ್ಲಿನ ರಾಜಕೀಯದ ಬಹುಪಾಲು ಈ ಒಂದು ಭೌಗೋಳಿಕ ಸಂಗತಿಗೆ ಅಂಟಿಕೊಂಡಿದೆ ಎಂದರೆ ಅತಿಶಯೋಕ್ತಿಯಾಗದು.

ನದಿ ಒಂದಾದರೂ ಆಡಳಿತ ಒಂದಾಗಿರಲಿಲ್ಲ. ಸವದತ್ತಿ, ಅಂದರೆ ಶಾಸನಗಳ ಸುಗಂಧವರ್ತಿ, ರಟ್ಟರ ರಾಜಧಾನಿಯಾಗಿತ್ತು. ಆ ಬಳಿಕ ಅವರು ವೇಣುಗ್ರಾಮಕ್ಕೆ, ಇಂದಿನ ಬೆಳಗಾವಿಗೆ, ನೆಲೆ ಬದಲಿಸಿದರು. ಕಿತ್ತೂರು ದೇಸಗತಿಯ ಸಂಸ್ಥಾನ. ಕಂಪನಿ ಸರಕಾರ ಬಂದ ಮೇಲೆ ಬೈಲಹೊಂಗಲದ ಸೀಮೆ ಸಂಪಗಾವಿ ತಾಲೂಕು ಎಂಬ ಹೆಸರಿನಲ್ಲಿಯೂ ಸವದತ್ತಿಯ ಸೀಮೆ ಪರಸಗಡ ತಾಲೂಕು ಎಂಬ ಹೆಸರಿನಲ್ಲಿಯೂ ಮುಂಬಯಿ ಆಧಿಪತ್ಯಕ್ಕೆ ಸೇರಿದವು. ರಾಮದುರ್ಗ ಮಾತ್ರ ಭಾವೆ ಮನೆತನದ ಸಂಸ್ಥಾನವಾಗಿ 1948ರವರೆಗೆ ಉಳಿಯಿತು. ಹೀಗೆ ಮೇಲಿನ ಹರಿವು ಬ್ರಿಟಿಷರದು, ಕೆಳಗಿನ ಹರಿವಿನ ಒಂದು ತುಂಡು ಸಂಸ್ಥಾನಿಕರದು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯದೊಳಕ್ಕೆ ಬಂದರೂ ತೆರಿಗೆ, ಇನಾಮು, ಗೇಣಿಯ ಬೇರೆ ಬೇರೆ ನೆನಪುಗಳು ಉಳಿದುಕೊಂಡವು. ಕಿತ್ತೂರು ಬೈಲಹೊಂಗಲದಿಂದ ಬೇರ್ಪಟ್ಟು ತಾಲೂಕಾದದ್ದು ತೀರ ಇತ್ತೀಚಿನ ಸಂಗತಿ.

ದಫ್ತರ ಮತ್ತು ಲಾವಣಿ

ಇಲ್ಲಿನ ಶಾಸನಗಳನ್ನು ಓದಿದವನೂ ಲಾವಣಿಗಳನ್ನು ಕೇಳಿ ಬರೆದುಕೊಂಡವನೂ ಒಬ್ಬನೇ ಎಂಬುದು ಕುತೂಹಲದ ವಿಷಯ. ಜೆ. ಎಫ್. ಫ್ಲೀಟ್ ಮುಂಬಯಿ ಸರಕಾರದ ಕಂದಾಯ ಅಧಿಕಾರಿ. ಸವದತ್ತಿಯ ರಟ್ಟರ ಶಾಸನಗಳನ್ನು ಸಂಪಾದಿಸಿದ ಅವನೇ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕನ್ನಡ ಲಾವಣಿಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ದಂಗೆ, ಹಲಗಲಿಯ ಬೇಡರ ದಂಗೆ, ಸಂಗ್ಯಾನ ಕೊಲೆ ಇವೆಲ್ಲ ಆ ಸಂಗ್ರಹದಲ್ಲಿವೆ. ಸರಕಾರ ಹೊಸದಾಗಿ ಹೇರಿದ ಆದಾಯ ತೆರಿಗೆಯ ಮೇಲೆ ಕಟ್ಟಿದ ಲಾವಣಿಯೂ ಅದರಲ್ಲಿ ಸೇರಿದೆ ಎಂಬುದನ್ನು ಜಾನಪದ ವಿದ್ವಾಂಸರು ಅಷ್ಟಾಗಿ ಗಮನಿಸಿದಂತಿಲ್ಲ. ತೆರಿಗೆ ವಸೂಲು ಮಾಡುವ ಇಲಾಖೆಯ ಅಧಿಕಾರಿಯೇ ತೆರಿಗೆಯ ವಿರುದ್ಧದ ಹಾಡನ್ನು ಕಾಪಾಡಿದನೆಂಬುದು ಇತಿಹಾಸದ ವಿಚಿತ್ರಗಳಲ್ಲಿ ಒಂದು.

ರಟ್ಟರ ಕಾಲದ ಶಾಸನಗಳಲ್ಲಿ ನೆಲವೆಂದರೆ ಅಳತೆ ಮತ್ತು ಎಲ್ಲೆ. ಇಷ್ಟು ಮತ್ತರು ಕೆಯ್, ಇಂಥ ಕೆರೆಯ ಕೆಳಗೆ, ಇಂಥ ಹಳ್ಳದ ತೆಂಕಣ ದಿಕ್ಕಿಗೆ ಎಂಬ ವಿವರಗಳೇ ಅವುಗಳ ಜೀವಾಳ. ಸವದತ್ತಿ ತಾಲೂಕಿನ ಹೂಲಿಯಂಥ ಊರುಗಳ ದೇಗುಲ ಸಮೂಹಗಳನ್ನು ಈ ದಾನದ ನೆಲವೇ ಸಾಕಿತು. ದಾನ ಪಡೆದವನು ನೆಲವನ್ನು ಅನುಭವಿಸುವ, ಅದಕ್ಕೆ ಬದಲಾಗಿ ಸೇವೆ ಸಲ್ಲಿಸುವ ಈ ವ್ಯವಸ್ಥೆ ರಾಜವಂಶಗಳು ಬದಲಾದರೂ ಹಳ್ಳಿಯ ಮಟ್ಟದಲ್ಲಿ ಮುಂದುವರಿದುಕೊಂಡು ಬಂತು. ಶೇತ್‌ಸನದಿ ಎಂಬ ಪದ್ಧತಿ ಅದರ ಒಂದು ಕೊನೆಯ ರೂಪ. ಊರ ಕಾವಲಿಗೆ, ದೇಸಾಯರ ದಂಡಿಗೆ ಕರೆದಾಗ ಬರಬೇಕು. ಅದಕ್ಕೆ ಪ್ರತಿಯಾಗಿ ತೆರಿಗೆಯಿಲ್ಲದ, ಇಲ್ಲವೆ ಕಡಿಮೆ ತೆರಿಗೆಯ ಹೊಲ. ಸಂಗೊಳ್ಳಿಯ ರಾಯಣ್ಣ ಇಂಥ ಒಬ್ಬ ಶೇತ್‌ಸನದಿ.

ಕಿತ್ತೂರಿನ ರಾಜಕೀಯ ಕಥನ ಎಲ್ಲರಿಗೂ ತಿಳಿದದ್ದೇ. 1816ರಲ್ಲಿ ಮಲ್ಲಸರ್ಜನ ಮರಣ, 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನ ಮರಣ, ದತ್ತಕಕ್ಕೆ ಥ್ಯಾಕರೆ ಒಪ್ಪದಿರುವುದು, ಅಕ್ಟೋಬರ್ 23ರ ಕಾಳಗದಲ್ಲಿ ಅವನು ಬಿದ್ದದ್ದು, ಡಿಸೆಂಬರಿನಲ್ಲಿ ಕೋಟೆ ಕಂಪನಿಯ ಕೈಸೇರಿದ್ದು, ಬೈಲಹೊಂಗಲದ ಬಂಧನದಲ್ಲಿ 1829ರಲ್ಲಿ ಚೆನ್ನಮ್ಮ ತೀರಿಕೊಂಡದ್ದು. ಈ ಕಥನದ ಕೇಂದ್ರ ದತ್ತಕದ ಹಕ್ಕು. ಆದರೆ ರಾಯಣ್ಣನ ಲಾವಣಿಗಳ, ಡೊಳ್ಳಿನ ಹಾಡುಗಳ, ಬಯಲಾಟದ ಕಥನದ ಕೇಂದ್ರ ಅದಲ್ಲ. ಅಲ್ಲಿ ಕಥೆ ಶುರುವಾಗುವುದು ಹೊಲದಿಂದ. ಸನದಿನ ಹೊಲಕ್ಕೆ ಕುಲಕರ್ಣಿ ತೆರಿಗೆ ಹೇರುತ್ತಾನೆ. ತಾಯಿ ಕೆಂಚವ್ವನ ಬೆನ್ನ ಮೇಲೆ ಕಲ್ಲು ಹೊರಿಸುತ್ತಾನೆ. ಮಗ ತಿರುಗಿ ಬೀಳುತ್ತಾನೆ. ರಾಣಿಯ ಮಾನಕ್ಕಾಗಿ ಎದ್ದವನು ಎಂಬ ಶಿಷ್ಟ ಕಥನದೊಳಗೆ ತಾಯಿಯ ಬೆನ್ನಿನ ಕಲ್ಲಿಗಾಗಿ ಎದ್ದವನು ಎಂಬ ಇನ್ನೊಂದು ಕಥನವಿದೆ.

ರಾಯಣ್ಣ ಆರಿಸಿಕೊಂಡ ಗುರಿಗಳನ್ನು ನೋಡಿದರೂ ಇದು ಸ್ಪಷ್ಟವಾಗುತ್ತದೆ. 1830ರ ಆರಂಭದಲ್ಲಿ ಅವನ ತಂಡ ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಸಂಪಗಾವಿಯ ಮೇಲೆ ನುಗ್ಗಿತು. ಸುಟ್ಟದ್ದು ಕಚೇರಿಗಳನ್ನು, ಅಂದರೆ ಯಾರ ಹೊಲಕ್ಕೆ ಎಷ್ಟು ಆಕಾರ ಎಂದು ಬರೆದಿಟ್ಟ ದಫ್ತರಗಳನ್ನು. ಓದು ಬರಹ ತಿಳಿಯದ ಜನ ಕಾಗದದ ಶಕ್ತಿಯನ್ನು ತಪ್ಪಾಗಿ ಅಂದಾಜು ಮಾಡಿರಲಿಲ್ಲ. ಅವರು ಅಡಗಿದ್ದು ಕಿತ್ತೂರು ಖಾನಾಪುರಗಳ ನಡುವಣ ಕಾಡಿನಲ್ಲಿ. ಕಾಡು ಇದ್ದುದರಿಂದಲೇ ಆ ಹೋರಾಟ ಅಷ್ಟು ತಿಂಗಳು ನಡೆಯಿತು. ಏಪ್ರಿಲಿನಲ್ಲಿ ಹಳ್ಳದ ನೀರಿನಲ್ಲಿ ಸ್ನಾನಕ್ಕಿಳಿದಾಗ ಅವನನ್ನು ಹಿಡಿದುಕೊಟ್ಟರೆಂದು ಜನಪದರು ಹಾಡುತ್ತಾರೆ. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಾಯಿತು. ಅಲ್ಲಿನ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುವುದನ್ನು ಇಂದಿಗೂ ಕಾಣಬಹುದು. ದಫ್ತರ ಸುಟ್ಟವನು ಮರವಾಗಿ ಮಕ್ಕಳನ್ನು ಕೊಡುವ ದೈವವಾದದ್ದು ಹೇಗೆ ಎಂಬ ಪ್ರಶ್ನೆಗೆ ರಾಜಕೀಯ ಇತಿಹಾಸದಲ್ಲಿ ಉತ್ತರವಿಲ್ಲ.

ಇದೇ ಬಗೆಯ ಕಿಚ್ಚು 1858ರಲ್ಲಿ ನದಿಯ ಕೆಳದಂಡೆಯಲ್ಲಿ ಎದ್ದಿತು. ಇನಾಮು ಕಮಿಷನ್ ಕಾಯಿದೆ 1852ರಲ್ಲಿ ಜಾರಿಗೆ ಬಂದು ತೆರಿಗೆಯಿಲ್ಲದ ನೆಲದ ಹಕ್ಕುಪತ್ರಗಳನ್ನೆಲ್ಲ ಕೆದಕತೊಡಗಿತ್ತು. ನರಗುಂದದ ಬಾಬಾಸಾಹೇಬನಿಗೂ ದತ್ತಕ ನಿರಾಕರಣೆಯಾಯಿತು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಇಂದಿನ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಕೊಲೆಯಾದ. ನರಗುಂದ ಅಳಿಯಿತು, ಅದೇ ಮನೆತನದ ರಾಮದುರ್ಗ ಸರಕಾರದ ಪಕ್ಷದಲ್ಲಿ ನಿಂತು ಉಳಿಯಿತು.

ಅರಳೆ, ಹಗೇವು, ಬರ

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಸೀಮೆಯ ಎರಿಭೂಮಿ ಲ್ಯಾಂಕಾಶೈರಿನ ಗಿರಣಿಗಳಿಗೆ ಕಟ್ಟುಬಿತ್ತು. 1840ರ ದಶಕದಲ್ಲಿ ಅಮೆರಿಕದ ಹತ್ತಿಬೀಜ ಬಂದು 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲಿ ಹಬ್ಬಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅರಳೆಯ ಬೆಲೆ ಏರಿ, ಯುದ್ಧ ಮುಗಿದೊಡನೆ ಕುಸಿಯಿತು. ಬೈಲಹೊಂಗಲ ಅರಳೆಯ ಪೇಟೆಯಾಗಿ ಬೆಳೆಯಿತು. 'ಸಂಗ್ಯಾ ಬಾಳ್ಯಾ' ಸಣ್ಣಾಟ ಈ ಊರಿನಲ್ಲಿ ನಡೆದ ಘಟನೆಯನ್ನು ಆಧರಿಸಿದ್ದೆಂಬುದು ಪ್ರಸಿದ್ಧ. ಅದನ್ನು ಹಾದರ ಮತ್ತು ಕೊಲೆಯ ಆಟವೆಂದಷ್ಟೇ ನೋಡಿದರೆ ಸಾಲದು. ಗಂಡ ವ್ಯಾಪಾರಕ್ಕೆ ಪರಸ್ಥಳಕ್ಕೆ ಹೋಗುವುದು, ಗೆಳೆತನದ ನಡುವೆ ದುಡ್ಡು ಬಂದು ನಿಲ್ಲುವುದು, ಲಂಚ ತಿಂದ ಬಾಳ್ಯಾ ಗೆಳೆಯನನ್ನು ಕೊಲೆಗಡುಕರ ಕೈಗೆ ಒಪ್ಪಿಸುವುದು, ಇವೆಲ್ಲ ಪೇಟೆಯೂರಿನ ಹೊಸ ಸಂಬಂಧಗಳು. ಪುರಾಣದ ದೊಡ್ಡಾಟದಲ್ಲಿ ಇವಕ್ಕೆ ಜಾಗವಿರಲಿಲ್ಲ. ದೊಡ್ಡಾಟದ ಪಕ್ಕದಲ್ಲಿ ಸಣ್ಣಾಟ ಬೆಳೆದದ್ದಕ್ಕೂ ಜೋಳದ ಪಕ್ಕದಲ್ಲಿ ಮಾರಾಟದ ಹತ್ತಿ ಬೆಳೆದದ್ದಕ್ಕೂ ಇರುವ ನಂಟನ್ನು ರಂಗಭೂಮಿಯ ಇತಿಹಾಸಕಾರರು ಇನ್ನೂ ಶೋಧಿಸಬೇಕಾಗಿದೆ.

ಬರ ಈ ನೆಲಕ್ಕೆ ಹೊಸದಲ್ಲ. 1791-92ರ ಡೋಗಿ ಬರದಲ್ಲಿ ಸತ್ತವರನ್ನು ಸುಡಲು ಹೂಳಲು ಜನವಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಬಿದ್ದವೆಂಬ ನೆನಪು ಅದರ ಹೆಸರಿನಲ್ಲಿಯೇ ಉಳಿದಿದೆ. 1876-78ರ ಬರ ಕಲಾದಗಿ, ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಬಡಿಯಿತು. ಬರವನ್ನು ಎದುರಿಸಲು ಒಕ್ಕಲುತನ ತನ್ನದೇ ವ್ಯವಸ್ಥೆಯನ್ನು ಕಟ್ಟಿಕೊಂಡಿತ್ತು. ಮುಂಗಾರಿ ಕೈಕೊಟ್ಟರೆ ಹಿಂಗಾರಿಯ ಬಿಳಿಜೋಳ; ಜೋಳದ ನಡುವೆ ಅಕ್ಕಡಿಯ ಸಾಲುಗಳಲ್ಲಿ ಕಡಲೆ, ಕುಸುಬಿ, ಅಗಸಿ; ಒಂದು ಹೋದರೆ ಇನ್ನೊಂದು. ಸುಗ್ಗಿಯ ಕಾಳು ಹಗೇವಿಗೆ. ಊರ ನಡುವೆಯೋ ಮನೆಯ ಮುಂದೆಯೋ ತೋಡಿದ ಈ ನೆಲಗಣಜದ ಒಳಮೈಗೆ ಹುಲ್ಲು ಹೊಟ್ಟಿನ ಹೊದಿಕೆ ಕೊಟ್ಟು, ಕಾಳು ತುಂಬಿ, ಬಾಯನ್ನು ಮಣ್ಣಿನಿಂದ ಮುಚ್ಚಿದರೆ ಜೋಳ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ನೆಲ ಒಣಗಿರಬೇಕು ಎಂಬುದೊಂದೇ ಅದರ ಕರಾರು. ಶೀಗಿ ಹುಣ್ಣಿಮೆಗೆ, ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಮಳೆ ತಡೆದರೆ ರೊಟ್ಟಿಯ ಹಂಚಿನ ಮೇಲೆ ಗುರ್ಜಿಯನ್ನು ಕೂರಿಸಿಕೊಂಡು ಮನೆಮನೆಗೆ ಹೋಗುವುದು, ಇವು ಆ ಒಣಬೇಸಾಯದ ಪಂಚಾಂಗದೊಳಗಿನ ಆಚರಣೆಗಳು. ಇವನ್ನು ಫಲವಂತಿಕೆಯ ಆಚರಣೆಗಳೆಂದು ವರ್ಗೀಕರಿಸಿ ಬಿಟ್ಟುಬಿಡುವುದು ಜಾನಪದ ಅಧ್ಯಯನದ ರೂಢಿ. ಯಾವ ಬೆಳೆಯ ಯಾವ ಹಂತದಲ್ಲಿ, ಯಾವ ನೆಲದಲ್ಲಿ ಎಂಬ ಪ್ರಶ್ನೆಗಳನ್ನು ಕೇಳದೆ ಹೋದುದರಿಂದ ಅವುಗಳಲ್ಲಿನ ಬೇಸಾಯದ ತಿಳಿವಳಿಕೆ ಕಾಣದಾಯಿತು.

ರಾಮದುರ್ಗದ 1939ರ ಘಟನೆಯನ್ನೂ ಈ ಬೆಳಕಿನಲ್ಲಿ ನೋಡಬೇಕು. ಅಲ್ಲಿನ ಪ್ರಜಾಸಂಘ ಜವಾಬ್ದಾರಿ ಸರಕಾರದ ಜೊತೆಗೆ ಕೇಳುತ್ತಿದ್ದುದು ಕಂದಾಯದ ಇಳಿಕೆಯನ್ನು. ಮುಖಂಡರ ಬಂಧನವಾದಾಗ ಏಪ್ರಿಲ್ 7ರಂದು ಹಳ್ಳಿಗಳ ಜನ ನುಗ್ಗಿ ಬಂದರು. ಸೆರೆಮನೆಯ ಮೇಲೆ ದಾಳಿಯಾಯಿತು, ಪೊಲೀಸರು ಕೊಲೆಯಾದರು. ಗಾಂಧೀಜಿ 'ಹರಿಜನ'ದಲ್ಲಿ ಬರೆದು ಆ ಹಿಂಸೆಯನ್ನು ಖಂಡಿಸಿದರು. ರಾಷ್ಟ್ರೀಯ ಚಳವಳಿಯ ಇತಿಹಾಸಕ್ಕೆ ರಾಮದುರ್ಗ ಒಂದು ಮುಜುಗರದ ಅಧ್ಯಾಯವಾಯಿತು. ಅಹಿಂಸೆಯ ಕಥನಕ್ಕೆ ಹೊಂದದ ಅದನ್ನು ಬಹಳ ಕಾಲ ದುರಂತ ಎಂಬ ಶಬ್ದದಲ್ಲಿ ಸುತ್ತಿಡಲಾಯಿತು. ಮಳೆಯ ನೆರಳಿನ ಈ ಸಂಸ್ಥಾನದಲ್ಲಿ ಕಂದಾಯವೆಂದರೆ ಏನಾಗಿತ್ತೆಂಬುದನ್ನು ಕೇಳಿದರೆ ಆ ಗುಂಪಿನ ಸಿಟ್ಟಿಗೆ ಒಂದು ನೆಲೆ ಸಿಕ್ಕೀತು. ಅದರಿಂದ ಕೊಲೆಗೆ ಸಮರ್ಥನೆ ಸಿಗುವುದಿಲ್ಲ ಎಂಬುದು ಬೇರೆ ಮಾತು.

ನವಿಲುತೀರ್ಥ

ಸವದತ್ತಿಯ ಬಳಿ ಗುಡ್ಡಗಳು ನದಿಗೆ ಅಡ್ಡವಾಗಿ ನಿಂತಿವೆ. ನದಿ ಅವನ್ನು ಸೀಳಿಕೊಂಡು ಕಿರಿದಾದ ಕಣಿವೆಯಲ್ಲಿ ಮುನವಳ್ಳಿಯ ಕಡೆಗೆ ಇಳಿಯುತ್ತದೆ. ಗುಡ್ಡದ ಮೇಲಿನ ನವಿಲು ಕೂಗಿತು, ಬೆಟ್ಟ ಬಿರಿದು ನದಿಗೆ ದಾರಿ ಕೊಟ್ಟಿತು ಎಂಬುದು ಆ ಜಾಗದ ಐತಿಹ್ಯ. ಐತಿಹ್ಯದಲ್ಲಿ ಬೆಟ್ಟ ಬಿರಿದ ಆ ಸಂದನ್ನೇ ಎಂಜಿನಿಯರರು ಮುಚ್ಚಲು ಆರಿಸಿದರು. 1972ರ ಹೊತ್ತಿಗೆ ಅಣೆಕಟ್ಟು ಎದ್ದು ನಿಂತಿತು. ಅದರ ಹಿಂದಿನ ನೀರಿಗೆ ರೇಣುಕಾಸಾಗರವೆಂದು ಹೆಸರಾಯಿತು. ಸಂಗ್ರಹ ಸಾಮರ್ಥ್ಯ 37.73 ಟಿಎಂಸಿ ಅಡಿ. ಎಡದಂಡೆ, ಬಲದಂಡೆ ಕಾಲುವೆಗಳು ಸವದತ್ತಿ, ರಾಮದುರ್ಗ, ಬಾದಾಮಿ, ನವಲಗುಂದ, ನರಗುಂದ, ರೋಣದ ಎರಿಭೂಮಿಗೆ ನೀರು ಒಯ್ಯತೊಡಗಿದವು.

ನೀರು ಬಂದಾಗ ಅದರೊಡನೆ ಬೀಜವೂ ಬಂತು. ಧಾರವಾಡದ ವಿಜ್ಞಾನಿ ಬಿ. ಎಚ್. ಕಟರ್ಕಿ ಅವರು 1972ರಲ್ಲಿ ರೂಪಿಸಿದ ವರಲಕ್ಷ್ಮಿ ಎಂಬ ಸಂಕರಣ ಹತ್ತಿ ಈ ಕಾಲುವೆಗಳ ಜೊತೆಗೇ ಹೊಲಕ್ಕಿಳಿಯಿತು. ಮೊದಲ ವರ್ಷಗಳ ಬೆಲೆ ಕಣ್ಣು ಕೋರೈಸುವಂಥದು. ಗೊಬ್ಬರ, ಕ್ರಿಮಿನಾಶಕ, ಸಾಲ ಹಿಂಬಾಲಿಸಿದವು. ಎಪ್ಪತ್ತರ ದಶಕದ ಕೊನೆಗೆ ಬೆಲೆ ಬಿದ್ದಿತು. ಅದೇ ಹೊತ್ತಿಗೆ ಸರಕಾರ ಯೋಜನೆಯ ಖರ್ಚನ್ನು ತುಂಬಿಕೊಳ್ಳಲು ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರವನ್ನೂ ನೀರಿನ ಕರವನ್ನೂ ವಸೂಲಿಗಿಳಿಸಿತು. ನೀರು ತಲುಪದ ಹೊಲಕ್ಕೂ ಕರ ಬಂದಿತ್ತು. ನೀರು ನಿಂತು ಸವಳು ಜವಳಾದ ಹೊಲಕ್ಕೂ ಬಂದಿತ್ತು. 1980ರಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ಸಮನ್ವಯ ಸಮಿತಿಯನ್ನು ಕಟ್ಟಿದರು. ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆಯಿತು. ರೈತರೂ ಸತ್ತರು, ಪೊಲೀಸರೂ ಸತ್ತರು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. 1983ರಲ್ಲಿ ರಾಜ್ಯದ ಸರಕಾರ ಬದಲಾಗಲು ಈ ಕಿಚ್ಚು ಒಂದು ಮುಖ್ಯ ಕಾರಣವಾಯಿತೆಂಬುದನ್ನು ರಾಜಕೀಯ ವಿಶ್ಲೇಷಕರು ಒಪ್ಪುತ್ತಾರೆ.

ಎಂ. ವಿ. ನಾಡಕರ್ಣಿ ಅವರು 1987ರಲ್ಲಿ ಪ್ರಕಟಿಸಿದ ಭಾರತದ ರೈತ ಚಳವಳಿಗಳ ಅಧ್ಯಯನದಲ್ಲಿ ಈ ಹೋರಾಟಕ್ಕೆ ದೊಡ್ಡ ಸ್ಥಾನವಿದೆ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಬೆಲೆ, ಕರ, ಸಾಲಗಳ ಹೋರಾಟ. ಜನಪದ ನೆನಪಿನ ದೃಷ್ಟಿಯಿಂದ ನೋಡಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಬಾಬಾಸಾಹೇಬನ ನರಗುಂದ, ರಾಯಣ್ಣನ ಸಂಗೊಳ್ಳಿ, 1939ರ ರಾಮದುರ್ಗ, ಈ ಎಲ್ಲ ಕಡೆಗಳಲ್ಲಿ ಕಾಣುವುದು ಒಂದೇ ಬಗೆಯ ಅನ್ಯಾಯದ ಕಲ್ಪನೆ: ನೆಲ ಕೊಡದುದನ್ನು ಕಾಗದ ಕೇಳುತ್ತದೆ. ಹಾಗೆಂದು 1980ರ ರೈತರನ್ನು ನೇರವಾಗಿ ರಾಯಣ್ಣನ ವಾರಸುದಾರರೆಂದು ಕರೆಯುವುದು ಸಭೆಯ ಭಾಷಣಕ್ಕೆ ಒಪ್ಪಬಹುದು, ಸಂಶೋಧನೆಗೆ ಒಪ್ಪದು. ಶೇತ್‌ಸನದಿ ಸೇವೆಯ ಹೊಲಕ್ಕಾಗಿ ಹೋರಾಡಿದ; 1980ರವರು ಮಾರುಕಟ್ಟೆಗಾಗಿ ಬೆಳೆಯುವ ಹಿಡುವಳಿದಾರರು. ಕೂಲಿಕಾರರು, ದೇವದಾಸಿ ಮನೆತನಗಳು, ನೇಕಾರರು ಆ ಸಮಿತಿಯ ಬೇಡಿಕೆಪಟ್ಟಿಯ ನಡುವಿನಲ್ಲಿ ಇರಲಿಲ್ಲ.

ಕಾಲುವೆ ಬಂದ ಊರುಗಳಲ್ಲಿ ಹಗೇವುಗಳು ಸದ್ದಿಲ್ಲದೆ ಮುಚ್ಚಿಹೋದುದನ್ನು ಯಾವ ಸಮಿತಿಯೂ ದಾಖಲಿಸಲಿಲ್ಲ. ಎರಿಭೂಮಿಗೆ ನೀರು ಹಾಯಿಸಿದರೆ ಅದು ಬೇಗ ಬಸಿಯುವುದಿಲ್ಲ. ಅಂತರ್ಜಲ ಮೇಲೇರಿ ನೆಲ ತೇವ ಹಿಡಿಯುತ್ತದೆ. ತೇವ ಹಿಡಿದ ನೆಲದ ಹಗೇವಿನಲ್ಲಿ ಕಾಳು ಕೊಳೆಯುತ್ತದೆ. ಬರ ತಡೆಯಲು ಬಂದ ನೀರು ಬರ ತಡೆಯುವ ಹಳೆಯ ಉಪಾಯದ ಬಾಯಿಗೇ ಮಣ್ಣು ಹಾಕಿತು. ಹಿಂಗಾರಿ ಜೋಳದ ಜಾಗದಲ್ಲಿ ಹತ್ತಿಯೂ ಗೋವಿನಜೋಳವೂ ಬಂದ ಮೇಲೆ ತುಂಬಲು ಕಾಳೂ ಇರಲಿಲ್ಲ ಎಂಬುದನ್ನೂ ಹೇಳಬೇಕು.

ಮೇಲಿನ ಹೊಲ, ಕೆಳಗಿನ ಹೊಲ

ಅಣೆಕಟ್ಟಿನ ಕೆಳಗಿನ ಕಥೆಯನ್ನು ಹೇಳುವವರು ಮೇಲಿನ ಕಥೆಯನ್ನು ಮರೆಯುತ್ತಾರೆ. ಬೈಲಹೊಂಗಲ, ಕಿತ್ತೂರುಗಳು ಜಲಾಶಯದ ಮೇಲ್ಭಾಗದಲ್ಲಿವೆ. ಯೋಜನೆಯ ಕಾಲುವೆ ಅಲ್ಲಿಗೆ ಹೋಗುವುದಿಲ್ಲ. ಆದರೆ ನದಿಯೂ ಹಳ್ಳಗಳೂ ಕಣ್ಣ ಮುಂದೆಯೇ ಹರಿಯುತ್ತವೆ. ವಿದ್ಯುತ್ ಪಂಪು, ಅನಂತರ ಕೊಳವೆಬಾವಿ ಬಂದ ಮೇಲೆ ಇಲ್ಲಿನ ರೈತ ತನ್ನ ನೀರಾವರಿಯನ್ನು ತಾನೇ ಕಟ್ಟಿಕೊಂಡ. ಎಂ. ಕೆ. ಹುಬ್ಬಳ್ಳಿಯ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಆಮೇಲೆ ಮುನವಳ್ಳಿಯಲ್ಲಿ ಎದ್ದ ಖಾಸಗಿ ಕಾರ್ಖಾನೆ ಮತ್ತಿತರವು ಕಬ್ಬಿಗೆ ಖಾತರಿಯ ಗಿರಾಕಿಗಳಾದವು. ಅರಳೆ ಪೇಟೆಯ ಸುತ್ತಲಿನ ಎರಿಹೊಲ ಕಬ್ಬಿನ ಹಸಿರಿಗೆ ತಿರುಗಿತು. ಕಬ್ಬು ವರ್ಷವಿಡೀ ನೀರು ಬೇಡುವ ಬೆಳೆ.

ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರೇಶ್ಮಿದೇವಿ ಮತ್ತು ಡಿ. ನಾಗೇಶ್ ಕುಮಾರ್ ಅವರು ಮಲಪ್ರಭಾ ಜಲಾಶಯದ ಮೇಲಿನ ಜಲಾನಯನವನ್ನು ಆಯ್ದುಕೊಂಡು, ವ್ಯಾಪಕ ನೀರಾವರಿಯಿಂದ ಅಂತರ್ಜಲದ ಮೇಲಾಗುವ ಪರಿಣಾಮವನ್ನು 2014ರಲ್ಲಿಯೂ, ಹವಾಮಾನ ಬದಲಾವಣೆ ಅಲ್ಲಿನ ಜಲಸಮತೋಲವನ್ನು ಹೇಗೆ ತಟ್ಟೀತೆಂಬುದನ್ನು ಇತರ ಸಂಶೋಧಕರ ಜೊತೆಗೂಡಿ ಆ ಬಳಿಕವೂ ಗಣಿತ ಮಾದರಿಗಳ ಮೂಲಕ ಪರಿಶೀಲಿಸಿದ್ದಾರೆ. ಜಲಾಶಯ ಕಟ್ಟಿದಾಗಿನಿಂದ ಪೂರ್ತಿ ತುಂಬಿದ ವರ್ಷಗಳು ಬೆರಳೆಣಿಕೆಯವು. ಇದಕ್ಕೆ ಮಳೆಯೊಂದನ್ನೇ ಹೊಣೆ ಮಾಡಲಾಗದು. ಮೇಲಿನ ಹೊಲ ಕುಡಿದ ನೀರೂ ಲೆಕ್ಕಕ್ಕೆ ಬರಬೇಕು. ಆದರೆ ಈ ಪ್ರದೇಶದ ರಾಜಕೀಯ ಭಾಷೆಯಲ್ಲಿ ಮೇಲಿನ ಹೊಲ ಮತ್ತು ಕೆಳಗಿನ ಹೊಲದ ಜಗಳಕ್ಕೆ ಶಬ್ದವೇ ಇಲ್ಲ. ಜಗಳವೆಲ್ಲ ಗೋವೆಯ ಕಡೆಗೆ ಮುಖ ಮಾಡಿದೆ.

ಮಹದಾಯಿಯ ಹಳ್ಳಗಳಾದ ಕಳಸಾ ಮತ್ತು ಬಂಡೂರಿಯಿಂದ ಮಲಪ್ರಭೆಗೆ ನೀರು ತಿರುಗಿಸಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2015ರ ಜುಲೈಯಲ್ಲಿ ನರಗುಂದದಲ್ಲಿ ರೈತರು ಧರಣಿ ಕುಳಿತರು. 2018ರ ಆಗಸ್ಟ್ 14ರ ತೀರ್ಪು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ಹಂಚಿತಾದರೂ ಅದರಲ್ಲಿ ಮಲಪ್ರಭೆಗೆ ತಿರುಗಿಸಬಹುದಾದದ್ದು ಕಳಸಾದ 1.72, ಬಂಡೂರಿಯ 2.18, ಕೂಡಿಸಿ 3.9 ಟಿಎಂಸಿ ಅಡಿ. ಹುಬ್ಬಳ್ಳಿ ಧಾರವಾಡದ ಕುಡಿಯುವ ನೀರು ಇದೇ ಜಲಾಶಯದಿಂದ ಹೋಗುತ್ತದೆ ಎಂಬುದನ್ನು ನೆನೆದರೆ ಈ ಪ್ರಮಾಣದ ಮೌಲ್ಯ ಕಡಿಮೆಯದಲ್ಲ, 37.73ರ ಜಲಾಶಯದ ಎದುರು ಇಟ್ಟರೆ ಅದರಿಂದ ಕಾಲುವೆಯ ಕೊನೆಯ ಹೊಲ ಹಸಿರಾದೀತೆಂಬ ನಂಬಿಕೆ ನಿಲ್ಲದು. ನದಿ ಹುಟ್ಟುವ ಖಾನಾಪುರದ ಕಾಡಿನ ಮಾತು ಈ ವಾದಗಳಲ್ಲಿ ಬರುವುದು ಅಡ್ಡಿಯಾಗಿ ಮಾತ್ರ. ರಾಯಣ್ಣನನ್ನು ಅಡಗಿಸಿದ್ದು ಅದೇ ಕಾಡು ಎಂಬುದು ನೆನಪಾಗುವುದಿಲ್ಲ.

ಸಿಂಬೆ ಮತ್ತು ಕೊಡ

ಎಲ್ಲಮ್ಮನ ಕಥೆಯಲ್ಲಿ ರೇಣುಕೆ ಪ್ರತಿದಿನ ನಸುಕಿನಲ್ಲಿ ಮಲಪ್ರಭೆಗೆ ಹೋಗುತ್ತಾಳೆ. ದಂಡೆಯ ಹಸಿ ಮರಳಿನಿಂದ ಕೊಡ ಮಾಡುತ್ತಾಳೆ. ಹಾವನ್ನು ಸಿಂಬೆ ಮಾಡಿ ತಲೆಯ ಮೇಲಿಟ್ಟು, ಅದರ ಮೇಲೆ ಕೊಡವಿಟ್ಟು, ಗಂಡನ ಪೂಜೆಗೆ ನೀರು ತರುತ್ತಾಳೆ. ಮನಸ್ಸು ಕದಲಿದ ದಿನ ಮರಳು ಕೂಡುವುದಿಲ್ಲ, ಹಾವು ಹರಿದುಹೋಗುತ್ತದೆ. ಪಾತಿವ್ರತ್ಯದ ಕಥೆಯಾಗಿ ಇದನ್ನು ಬೇಕಾದಷ್ಟು ಸಲ ವ್ಯಾಖ್ಯಾನಿಸಲಾಗಿದೆ, ಸ್ತ್ರೀವಾದಿ ವಿಮರ್ಶೆ ಅದನ್ನು ಸರಿಯಾಗಿಯೇ ಪ್ರಶ್ನಿಸಿದೆ. ಆದರೆ ನೀರು ತರುವುದು ಹೆಣ್ಣಿನ ದಿನದ ದುಡಿಮೆ, ನದಿಯ ಮರಳು ಆ ದುಡಿಮೆಯ ಸಾಧನ, ದಂಡೆಯ ಹಾವು ಅದರ ನೆರೆಯ ಜೀವಿ ಎಂಬ ಮೊದಲ ಮಟ್ಟದ ಅರ್ಥವೂ ಕಥೆಯಲ್ಲಿದೆ. ಜೋಗತಿಯರು ತಲೆಯ ಮೇಲೆ ಹೊರುವ ಕೊಡ ಈ ಮರಳಿನ ಕೊಡದ ಗುರುತು.

ಗುಡ್ಡದ ಜಾತ್ರೆಗಳೂ ಒಣಬೇಸಾಯದ ಕಾಲಮಾನಕ್ಕೆ ಹೊಂದಿಕೊಂಡವು. ಹೊಸ್ತಿಲ ಹುಣ್ಣಿಮೆಗೆ ಎಲ್ಲಮ್ಮ ರಂಡೆಯಾಗುತ್ತಾಳೆ, ಬಳೆ ಒಡೆಯುತ್ತಾರೆ. ಬನದ ಹುಣ್ಣಿಮೆ ಕಳೆದು ಭಾರತ ಹುಣ್ಣಿಮೆಗೆ ಮತ್ತೆ ಮುತ್ತೈದೆಯಾಗುತ್ತಾಳೆ. ಮುಂಗಾರಿಯ ಸುಗ್ಗಿ ಮುಗಿದು ಹಿಂಗಾರಿಯ ಜೋಳ ಹೊಲದಲ್ಲಿ ನಿಂತಿರುವ ಬಿಡುವಿನ ತಿಂಗಳುಗಳಿವು. ಕೊಲ್ಲಾಪುರ, ಸಾಂಗಲಿ ಸೀಮೆಗಳಿಂದಲೂ ಚಕ್ಕಡಿ ಕಟ್ಟಿಕೊಂಡು ಬರಲು ಸಾಧ್ಯವಾದದ್ದು ಅದರಿಂದ. ಈಗ ಈ ತಿಂಗಳುಗಳು ಕಬ್ಬು ಅರೆಯುವ ಹಂಗಾಮು. ದೇವಿಯ ವೈಧವ್ಯದ ದಿನಗಳಲ್ಲಿ ಅದೇ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ.

ದೇವದಾಸಿ ಪದ್ಧತಿಯನ್ನು ಕುರಿತ ಚರ್ಚೆಯಲ್ಲಿ ನೆಲದ ಪ್ರಶ್ನೆ ಹೆಚ್ಚಾಗಿ ತಪ್ಪಿಹೋಗಿದೆ. ಮುಂಬಯಿ ಸರಕಾರದ 1934ರ ಕಾಯಿದೆ, ಕರ್ನಾಟಕದ 1982ರ ಕಾಯಿದೆ ಎರಡೂ ಮುತ್ತು ಕಟ್ಟುವುದನ್ನು ಅಪರಾಧವೆಂದವು. ಅಮೆರಿಕದ ಮಾನವಶಾಸ್ತ್ರಜ್ಞೆ ಲೂಸಿಂಡಾ ರ‍್ಯಾಂಬರ್ಗ್ 2014ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಉತ್ತರ ಕರ್ನಾಟಕದ ಎಲ್ಲಮ್ಮನ ಜೋಗತಿಯರ ನಡುವೆ ನಡೆಸಿದ ಕ್ಷೇತ್ರಕಾರ್ಯದ ಆಧಾರದ ಮೇಲೆ, ಮುತ್ತು ಕಟ್ಟಿಸಿಕೊಂಡ ಮಗಳು ತವರಿನಲ್ಲಿ ಮಗನ ಸ್ಥಾನವನ್ನು ಪಡೆದು ಆಸ್ತಿಗೂ ಮನೆಯ ಹೊಣೆಗೂ ಬಾಧ್ಯಳಾಗುವುದನ್ನು ವಿವರಿಸುತ್ತಾರೆ. ಈ ವಿಶ್ಲೇಷಣೆಯನ್ನು ಪದ್ಧತಿಯ ಸಮರ್ಥನೆಯಂತೆ ಓದಬೇಕಾಗಿಲ್ಲ. ದಲಿತ ಕುಟುಂಬಗಳ ಬಡತನವೂ ಮೇಲುಜಾತಿಯ ಗಂಡಸರ ಅನುಕೂಲವೂ ಅದರೊಳಗಿವೆ. ಆದರೆ ತುಂಡು ಹೊಲವನ್ನು ಕಾಯಲು ಮಗಳನ್ನು ದೇವಿಗೆ ಕೊಟ್ಟ ಮನೆಗಳ ಇತಿಹಾಸವನ್ನು, ಆ ಹೊಲ ಎರಿಯೋ ಮಸಾರಿಯೋ, ಕಾಲುವೆಯ ಒಳಗೋ ಹೊರಗೋ, ಕಬ್ಬು ಬಂದ ಮೇಲೆ ಯಾರ ಕೈ ಸೇರಿತು ಎಂಬುದರೊಡನೆ ಸೇರಿಸಿ ಬರೆಯುವ ಕೆಲಸ ಉಳಿದಿದೆ. ಬರದ ವರ್ಷಗಳೇ ಹರಕೆಯ ವರ್ಷಗಳೂ ಆಗಿದ್ದವೇ ಎಂಬುದನ್ನು ಜೋಗತಿಯರ ಜೀವನ ಕಥನಗಳ ಮೂಲಕವೇ ಕೇಳಬೇಕು.

ಮರಳಿನ ಮಾತಿಗೆ ಮರಳುವುದಾದರೆ, ಅಣೆಕಟ್ಟು ನೀರಿನ ಜೊತೆಗೆ ಮರಳನ್ನೂ ತಡೆಯುತ್ತದೆ. ಕೆಳಗಿನ ಪಾತ್ರಕ್ಕೆ ಹೊಸ ಮರಳು ಬರುವುದು ಕಡಿಮೆಯಾಯಿತು; ಇದ್ದ ಮರಳನ್ನು ಊರು ಕಟ್ಟಲು ಸಾಗಿಸಲಾಯಿತು. ಬಹುತೇಕ ವರ್ಷ ಒಣಗಿ ನಿಂತ ಪಾತ್ರದೊಳಕ್ಕೆ ದಂಡೆಯ ಹೊಲಗಳು ಒಂದೊಂದೇ ಗೇಣು ಇಳಿದವು. ನದಿ ಕಿರಿದಾಯಿತು. 2009ರ ಅಕ್ಟೋಬರಿನಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಜಲಾಶಯ ತುಂಬಿ ಬಾಗಿಲು ತೆರೆದಾಗ ಆ ಕಿರಿದಾದ ದಾರಿಯಲ್ಲಿ ನೀರು ಹಿಡಿಸಲಿಲ್ಲ. 2019ರಲ್ಲಿ ಮುನವಳ್ಳಿಯೂ ರಾಮದುರ್ಗವೂ ಸುರೇಬಾನವೂ ಮುಳುಗಿದವು. ರಾಮದುರ್ಗ ಸೀಮೆಯ ನೇಕಾರರಿಗೆ ಈ ಹೊಡೆತ ವಿಶೇಷವಾಗಿ ಬಿತ್ತು. ಕುಣಿಮಗ್ಗವನ್ನು ನೆಲದಲ್ಲಿ ತೋಡಿದ ಕುಣಿಯಲ್ಲಿ ಹೂಡುತ್ತಾರೆ. ಪ್ರವಾಹದ ನೀರು ಮೊದಲು ತುಂಬುವುದು ಅದನ್ನು. ಮಗ್ಗದ ಮೇಲಿನ ಹಾಸು, ತಂದಿಟ್ಟ ನೂಲು, ನೇಯ್ದ ಸೀರೆ ಕೆಸರಾದವು. ಹೊಲದ ಪರಿಹಾರಕ್ಕೆ ಪಹಣಿಪತ್ರ ಸಾಕು. ಮಗ್ಗ ಮುಳುಗಿದ್ದಕ್ಕೆ ಯಾವ ಕಾಗದ ತೋರಿಸಬೇಕು ಎಂಬ ಪ್ರಶ್ನೆ ಎದುರಾಯಿತು.

ನದಿಯ ಮೂಲ ಅಗಲ ಎಷ್ಟಿತ್ತು ಎಂಬ ಪ್ರಶ್ನೆ ಆಮೇಲೆ ಗಂಭೀರವಾಗಿ ಎದ್ದಿತು. ಅದಕ್ಕೆ ಉತ್ತರಿಸಬೇಕಾದರೆ ಮೋಜಣಿ ಇಲಾಖೆಯ ಹಳೆಯ ಗ್ರಾಮನಕ್ಷೆಗಳನ್ನು ತೆಗೆಯಬೇಕು. 1840, 50ರ ದಶಕಗಳಲ್ಲಿ ವಿಂಗೇಟನ ಕಾಲದ ಮೋಜಣಿದಾರರು ಕಂದಾಯಕ್ಕಾಗಿ ಹೊಲ ಅಳೆದಾಗ ನದಿಯನ್ನು ಬಿಟ್ಟು ಅಳೆದರು. ಬಿಟ್ಟ ಆ ಜಾಗವೇ ಇಂದು ನದಿಯ ಹಕ್ಕುಪತ್ರ. ರಾಯಣ್ಣ ಬೆಂಕಿಯಿಟ್ಟ ಬಗೆಯ ದಫ್ತರವನ್ನೇ ಈಗ ನದಿಯ ಪರವಾಗಿ ಓದಬೇಕಾಗಿ ಬಂದಿದೆ. ನಕ್ಷೆ ಒಂದು ಸಾಕ್ಷಿ ಮಾತ್ರ. ಸಂಗೊಳ್ಳಿಯಿಂದ ಸುರೇಬಾನದವರೆಗೆ ದಂಡೆಯ ಹಳ್ಳಿಗಳಲ್ಲಿ ಹೊಲಗಳಿಗೆ ಜನರ ಬಾಯಲ್ಲಿ ಹೆಸರುಗಳಿವೆ: ಹೊಳಿಹೊಲ, ಮಳಲಪಟ್ಟಿ, ಹಳ್ಳದ ಹೊಲ, ಮಡುವಿನ ದಂಡಿ. ಮರಳು ಎಲ್ಲಿತ್ತು, ಮಡು ಎಲ್ಲಿತ್ತು, ನೆರೆ ಬಂದಾಗ ನೀರು ಎಲ್ಲಿಯವರೆಗೆ ಏರುತ್ತಿತ್ತು ಎಂಬುದು ಈ ಹೆಸರುಗಳಲ್ಲಿದೆ. ಸ್ಥಳನಾಮ ಅಧ್ಯಯನ ಊರಿನ ಹೆಸರಿಗೇ ನಿಂತಿದೆ. ಹೊಲದ ಹೆಸರಿಗೆ ಇಳಿದಿಲ್ಲ. ಅವನ್ನು ಹೇಳಬಲ್ಲ ಹಿರಿಯರು ಇನ್ನೂ ಆ ಹಳ್ಳಿಗಳಲ್ಲಿದ್ದಾರೆ.